ಕಟ್ಟಿದವರ ಹೆಸರು ಹುಡುಕುವ ಬಗೆ: ಬೆಂಗಳೂರಿನ ಹಳೆಯ ವಾಸ್ತುಶಿಲ್ಪಿಗಳನ್ನು ನೆನಪಿನಲ್ಲಿ ಉಳಿಸಿಕೊಳ್ಳಲು ಒಂದು ಕೈಪಿಡಿ

ಬೆಂಗಳೂರಿನ ಯಾವುದಾದರೂ ಹಳೆಯ ಸಾರ್ವಜನಿಕ ಕಟ್ಟಡದ ಎದುರು ನಿಂತು ಗೋಡೆಗೆ ಕೂರಿಸಿದ ಶಂಕುಸ್ಥಾಪನೆಯ ಕಲ್ಲನ್ನು ಓದಿದರೆ, ಕಲ್ಲು ಇಟ್ಟ ಮಹಾರಾಜರ, ವೈಸರಾಯರ ಅಥವಾ ಮಂತ್ರಿಗಳ ಹೆಸರು ಬಿರುದುಬಾವಲಿಗಳ ಸಮೇತ ಸಿಗುತ್ತದೆ. ನಕ್ಷೆ ಬರೆದವರ ಹೆಸರು ಮಾತ್ರ ಬಹುಮಟ್ಟಿಗೆ ಸಿಗುವುದಿಲ್ಲ. ಇದು ನಮ್ಮ ನಾಡಿನ ಹಳೆಯ ಪದ್ಧತಿಯೇನೂ ಅಲ್ಲ. ಎಂಟನೆಯ ಶತಮಾನದಲ್ಲಿ ಚಾಲುಕ್ಯರ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದಾಗ, ಅದನ್ನು ನಿರ್ಮಿಸಿದ ಗುಂಡನ್ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಕೊಟ್ಟ ಸಂಗತಿಯನ್ನು ಅಲ್ಲಿಯ ಶಾಸನದಲ್ಲಿಯೇ ಕೆತ್ತಿಸಲಾಯಿತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಕೆಲಸಕ್ಕೆ ಹೆಸರು ಹಾಕಿದ್ದಾರೆ. ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಎಂಟುನೂರು ವರ್ಷಗಳ ಹಿಂದಿನ ರೂವಾರಿಯ ಹೆಸರು ಗೊತ್ತಿದ್ದು, ತಮ್ಮ ತಾತನ ಕಾಲದಲ್ಲಿ ಎದ್ದ ಪುರಭವನದ ವಾಸ್ತುಶಿಲ್ಪಿ ಯಾರೆಂದು ತಿಳಿಯದ ಸ್ಥಿತಿ ಬೆಂಗಳೂರಿಗರದು. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಬಯಸುವ ಸಾಮಾನ್ಯ ನಾಗರಿಕರಿಗಾಗಿ ಈ ಬರಹ. ಇದಕ್ಕೆ ಎಂಜಿನಿಯರಿಂಗ್ ಪದವಿಯಾಗಲಿ ಇತಿಹಾಸದ ಪದವಿಯಾಗಲಿ ಬೇಕಿಲ್ಲ. ಓದುವ ತಾಳ್ಮೆಯೂ ಸಿಕ್ಕಿದ್ದನ್ನು ಶುದ್ಧವಾಗಿ ಬರೆದಿಡುವ ಅಭ್ಯಾಸವೂ ಬೇಕು.

ಎಲ್ಲಿಂದ ತೊಡಗಬೇಕು

ಇಡೀ ನಗರವನ್ನು ಒಮ್ಮೆಲೇ ಹಿಡಿಯಲು ಹೋಗಬೇಡಿ. ದಿನವೂ ಓಡಾಡುವ ಒಂದು ರಸ್ತೆಯನ್ನೋ ಬಡಾವಣೆಯನ್ನೋ ಆರಿಸಿಕೊಂಡು, ಅಲ್ಲಿರುವ ಸುಮಾರು ಎಪ್ಪತ್ತು ವರ್ಷಕ್ಕೂ ಹಳೆಯದೆನಿಸುವ ಕಟ್ಟಡಗಳನ್ನು ಗುರುತು ಮಾಡಿಕೊಳ್ಳಿ. ರಸ್ತೆಗಳ ಹೆಸರುಗಳನ್ನೂ ಆಗಲೇ ಗಮನಿಸುವುದು ಒಳ್ಳೆಯದು. ಸ್ಯಾಂಕಿ ರಸ್ತೆಯಲ್ಲಿ ದಿನವೂ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವವರಲ್ಲಿ, ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಎಂಬವರೇ 1870ರಲ್ಲಿ ಕಬ್ಬನ್ ಉದ್ಯಾನವನ್ನು ರೂಪಿಸಿದವರೆಂದು ಬಲ್ಲವರು ಎಷ್ಟು ಮಂದಿ? ಫ್ರೇಜರ್ ಟೌನಿನ ಸ್ಟೀಫನ್ಸ್ ರಸ್ತೆಯ ಹೆಸರಿನ ಹಿಂದೆ ದಂಡು ಪ್ರದೇಶದ ಪುರಸಭೆಯ ಎಂಜಿನಿಯರ್ ಜೆ. ಎಚ್. ಸ್ಟೀಫನ್ಸ್ ಇದ್ದಾರೆ, 1898ರ ಪ್ಲೇಗಿನ ನಂತರ ಇಲಿಗಳು ನುಗ್ಗದಂತಹ ಮನೆಗಳೂ ಗಾಳಿಯಾಡುವ ಬೀದಿಗಳೂ ಇರಬೇಕೆಂಬ ವಿಚಾರದಿಂದ ಆ ಬಡಾವಣೆಯನ್ನು ಯೋಜಿಸಿದವರು ಅವರು. ಲಾಲ್‌ಬಾಗಿನ ಪಕ್ಕದ ಕ್ರುಂಬಿಗಲ್ ರಸ್ತೆಯೂ ಹಾಗೆಯೇ, ಅದು ಆ ಉದ್ಯಾನವನ್ನು ನೋಡಿಕೊಂಡ ಜರ್ಮನ್ ಉದ್ಯಾನ ತಜ್ಞರ ಹೆಸರು. ರಸ್ತೆಯ ಫಲಕದಲ್ಲಿ ಉಳಿದ ಹೆಸರು ಹುಡುಕಾಟಕ್ಕೆ ಸಿಗುವ ಮೊದಲ ಎಳೆ. ಹೆಸರು ಬದಲಾಗಿರುವ ರಸ್ತೆಗಳ ಹಳೆಯ ಹೆಸರನ್ನೂ ಬರೆದುಕೊಳ್ಳಿ, ಏಕೆಂದರೆ ಹಳೆಯ ಕಡತಗಳಲ್ಲಿ ಕಟ್ಟಡದ ವಿಳಾಸ ಆ ಹೆಸರಿನಲ್ಲಿಯೇ ಇರುತ್ತದೆ.

ಕೆಲವು ಹೆಸರುಗಳು ಇನ್ನೂ ಅಡಗಿ ಕುಳಿತಿರುತ್ತವೆ. ಹಲಸೂರಿನ ಕಡೆಯವರಿಗೆ ‘ಆರ್‌ಬಿಎಎನ್‌ಎಂ’ ಮೈದಾನವೂ ಶಾಲೆಯೂ ಚೆನ್ನಾಗಿ ಗೊತ್ತು. ಆ ಅಕ್ಷರಗಳ ಒಳಗಿರುವವರು ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಕಬ್ಬನ್ ಉದ್ಯಾನದ ಅಂಚಿನಲ್ಲಿ ಕೆಂಪಗೆ ನಿಂತಿರುವ, ಈಗ ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿಯನ್ನು ಕಟ್ಟಿದ ಗುತ್ತಿಗೆದಾರರು ಅವರೇ.

ನಾಲ್ಕು ಪಾತ್ರಗಳನ್ನು ಬೇರೆ ಮಾಡಿಕೊಳ್ಳುವುದು

ಈ ಕೆಲಸದಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದೇ ಎಂದು ನನ್ನ ಅಭಿಪ್ರಾಯ. ‘ಈ ಕಟ್ಟಡವನ್ನು ಕಟ್ಟಿದ್ದು ಯಾರು’ ಎಂಬ ಪ್ರಶ್ನೆಗೆ ಕನಿಷ್ಠ ನಾಲ್ಕು ಉತ್ತರಗಳಿರುತ್ತವೆ: ಕಟ್ಟಿಸಿದವರು, ನಕ್ಷೆ ಬರೆದವರು, ಸ್ಥಳದಲ್ಲಿ ನಿಂತು ಕೆಲಸ ನಡೆಸಿದ ಎಂಜಿನಿಯರ್ ಅಥವಾ ಗುತ್ತಿಗೆದಾರರು, ಮತ್ತು ಕಲ್ಲು ಕಡಿದು ಗಾರೆ ಅರೆದು ಮರ ಕೆತ್ತಿದವರು. ಜನಪ್ರಿಯ ಬರಹಗಳಲ್ಲಿ ಈ ನಾಲ್ಕೂ ಒಂದೇ ಹೆಸರಿನಲ್ಲಿ ಕಲಸಿಹೋಗುತ್ತವೆ, ಮತ್ತು ಆ ಹೆಸರು ಸಾಮಾನ್ಯವಾಗಿ ಹುದ್ದೆಯಲ್ಲಿ ಎಲ್ಲರಿಗಿಂತ ಮೇಲಿದ್ದವರದಾಗಿರುತ್ತದೆ.

ಅಠಾರಾ ಕಚೇರಿಯನ್ನೇ ತೆಗೆದುಕೊಳ್ಳಿ. 1864ರಿಂದ 1868ರವರೆಗೆ, ಬೌರಿಂಗ್ ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಕಾಲದಲ್ಲಿ, ಅಲ್ಲಿಯವರೆಗೆ ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ ನಡೆಯುತ್ತಿದ್ದ ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ ಅದನ್ನು ಕಟ್ಟಲಾಯಿತು. ಕಟ್ಟಿಸಿದ್ದು ಆಡಳಿತ; ಎಂಜಿನಿಯರಿಂಗ್ ಹೊಣೆ ಸ್ಯಾಂಕಿಯವರ ಇಲಾಖೆಯದು; ಕಟ್ಟೋಣ ಮೊದಲಿಯಾರರದು. ಈ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದಾಗ ಮಾತ್ರ ನೀವು ಯಾರಿಗೂ ಅನ್ಯಾಯ ಮಾಡಿದಂತಾಗುವುದಿಲ್ಲ.

ಮೈಸೂರಿನ ಅಂಬಾವಿಲಾಸ ಅರಮನೆ ಇದಕ್ಕೆ ಇನ್ನೂ ಒಳ್ಳೆಯ ಪಾಠ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ, ಹೊಸದರ ನಕ್ಷೆಯನ್ನು ಹೆನ್ರಿ ಇರ್ವಿನ್ ಅವರಿಗೆ ವಹಿಸಲಾಯಿತು. ಶಿಮ್ಲಾದ ವೈಸರಾಯರ ನಿವಾಸವನ್ನು ರೂಪಿಸಿದವರು ಅವರೇ. ಪ್ರವಾಸಿ ಮಾರ್ಗದರ್ಶಿಗಳು ಇಷ್ಟು ಹೇಳಿ ನಿಲ್ಲಿಸುತ್ತಾರೆ. 1912ರವರೆಗೆ ನಡೆದ ಆ ಕೆಲಸದಲ್ಲಿ ಅರಮನೆ ವಿಭಾಗದ ಕಾರ್ಯನಿರ್ವಾಹಕ ಎಂಜಿನಿಯರ್ ಬಿ. ಪಿ. ರಾಘವುಲು ನಾಯ್ಡು ಅವರ ಪಾಲು ದೊಡ್ಡದು. ಎರಡನೆಯ ಸಾಲಿನಲ್ಲಿರುವ ಇಂತಹ ಭಾರತೀಯ ಎಂಜಿನಿಯರುಗಳನ್ನು ಹೊರಗೆ ತರುವುದೇ ಸ್ಥಳೀಯ ಸಂಶೋಧಕರು ಮಾಡಬಹುದಾದ ನಿಜವಾದ ಉಪಕಾರ. ಇರ್ವಿನ್ ಅವರನ್ನು ನೆನೆಯಲು ವಿಶ್ವಕೋಶಗಳು ಹೇಗೂ ಇವೆ.

ನಾಲ್ಕನೆಯ ಪಾತ್ರದವರ ಹೆಸರುಗಳು ಸಿಗುವುದು ಕಷ್ಟ. ಹೆಸರು ಸಿಗದಿದ್ದರೆ ಸಂಖ್ಯೆಯನ್ನೂ ಊರನ್ನೂ ಕಸುಬನ್ನೂ ಬರೆಯಿರಿ. ವಿಧಾನಸೌಧದ ಕೆಲಸದಲ್ಲಿ ಸುಮಾರು 5,000 ಕೂಲಿಕಾರರೂ 1,500ರಷ್ಟು ಕಲ್ಲುಕುಟಿಗರು, ಗಾರೆಯವರು ಮತ್ತು ಮರಗೆಲಸದವರೂ ದುಡಿದರು; ಅವರಲ್ಲಿ ಕೈದಿಗಳೂ ಇದ್ದರು, ಕಟ್ಟಡ ಮುಗಿದ ಮೇಲೆ ಅವರನ್ನು ಬಿಡುಗಡೆ ಮಾಡಲಾಯಿತು.

ಕಲ್ಲನ್ನು ಓದುವ ವಿಧಾನ

ಶಂಕುಸ್ಥಾಪನೆಯ ಕಲ್ಲು ಪೂರ್ತಿ ಸತ್ಯವನ್ನು ಹೇಳದಿದ್ದರೂ ದಿನಾಂಕವನ್ನು ಹೇಳುತ್ತದೆ, ಆದ್ದರಿಂದ ಅದನ್ನು ಸರಿಯಾಗಿ ಓದಬೇಕು. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಸವೆದ ಅಕ್ಷರಗಳು ಕಾಣುವುದಿಲ್ಲ. ಬೆಳಗ್ಗೆ ಅಥವಾ ಸಂಜೆ, ಬೆಳಕು ಗೋಡೆಯನ್ನು ಓರೆಯಾಗಿ ಸವರುವ ಹೊತ್ತಿನಲ್ಲಿ ಹೋಗಿ; ನೆರಳಿನಲ್ಲಿರುವ ಕಲ್ಲಾದರೆ ಜೊತೆಗಿರುವವರು ಒಂದು ಟಾರ್ಚನ್ನು ಕಲ್ಲಿನ ಅಂಚಿಗೆ ಒತ್ತಿ ಹಿಡಿದು ಅಡ್ಡಲಾಗಿ ಬೆಳಕು ಹಾಯಿಸಲಿ. ಆಗ ಅಕ್ಷರದ ಪ್ರತಿ ಗೀರಿಗೂ ಒಂದು ನೆರಳು ಬಿದ್ದು, ಬಣ್ಣ ಬಳಿದು ಮುಚ್ಚಿಹೋದ ಅಂಕಿಗಳೂ ಎದ್ದು ಬರುತ್ತವೆ. 3 ಮತ್ತು 8, 1 ಮತ್ತು 7ರ ನಡುವಿನ ಗೊಂದಲ ಅಲ್ಲಿಯೇ ಬಗೆಹರಿಯಲಿ. ಮನೆಗೆ ಬಂದು ಫೋಟೊ ನೋಡಿ ಊಹಿಸಿದರೆ ತಪ್ಪಾಗುವ ಸಂಭವ ಹೆಚ್ಚು. ಅಕ್ಷರ ಕಾಣಲೆಂದು ಸುಣ್ಣ, ಹಿಟ್ಟು, ಎಣ್ಣೆ, ಸೀಮೆಸುಣ್ಣ ಯಾವುದನ್ನೂ ಉಜ್ಜಬೇಡಿ. ನಾಲ್ಕು ದಿಕ್ಕುಗಳಿಂದ ಬೆಳಕು ಹಾಯಿಸಿ ನಾಲ್ಕು ಚಿತ್ರ ತೆಗೆದರೆ ಅದರ ಅಗತ್ಯವೇ ಬೀಳುವುದಿಲ್ಲ.

ಕಲ್ಲು ಬಿಟ್ಟರೆ ಕಬ್ಬಿಣವನ್ನು ನೋಡಿ. ಲಾಲ್‌ಬಾಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಶಂಕುಸ್ಥಾಪನೆ ಮಾಡಿದವರು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್. ಉದ್ಯಾನದ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಕ್ಯಾಮರಾನ್ ಅದರ ಹಿಂದಿದ್ದವರು, ಮತ್ತು ಎರಕದ ಕಬ್ಬಿಣದ ಭಾಗಗಳು ಹಡಗಿನಲ್ಲಿ ಬಂದದ್ದು ಗ್ಲಾಸ್ಗೊದ ಸ್ಯಾರಸೆನ್ ಎರಕಶಾಲೆಯಿಂದ. 1935ರಲ್ಲಿ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಅದನ್ನು ವಿಸ್ತರಿಸಲು ಭದ್ರಾವತಿಯ ಕಾರ್ಖಾನೆಯ ಉಕ್ಕನ್ನು ಬಳಸಲಾಯಿತು. ಒಂದೇ ಸೂರಿನ ಕೆಳಗೆ ಎರಡು ಕಾಲದ, ಎರಡು ದೇಶಗಳ ಕೆಲಸ. ಇಂತಹ ಕಡೆ ಕಂಬದ ಬುಡ, ತೊಲೆಯ ಬದಿ, ಮೆಟ್ಟಿಲಿನ ಕಟಾಂಜನ, ಮಂಗಳೂರು ಹೆಂಚಿನ ಒಳಮೈ, ಇಟ್ಟಿಗೆಯ ಮೇಲಿನ ಅಚ್ಚು ಇವನ್ನೆಲ್ಲ ನೋಡುವುದು ಲೇಸು. ತಯಾರಕರ ಹೆಸರಿನಿಂದ ಕಾಲವನ್ನು ನಿರ್ಧರಿಸಲು ಸಾಧ್ಯ, ಮತ್ತು ಕಾಲ ಗೊತ್ತಾದರೆ ಆ ಕಾಲದಲ್ಲಿ ಹುದ್ದೆಯಲ್ಲಿದ್ದ ವಾಸ್ತುಶಿಲ್ಪಿಯನ್ನು ಹುಡುಕುವುದು ಸುಲಭ.

ಕಡತಗಳು

ಗೋಡೆಯಿಂದ ಕಾಗದದ ಕಡೆಗೆ ಹೋಗುವಾಗ ಮೊದಲು ನೋಡಬೇಕಾದದ್ದು ಲೋಕೋಪಯೋಗಿ ಇಲಾಖೆಯ ವಾರ್ಷಿಕ ವರದಿಗಳು ಮತ್ತು ಸಂಸ್ಥಾನದ ಆಡಳಿತ ವರದಿಗಳು. 1881ರಲ್ಲಿ ಸ್ಥಾಪನೆಯಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಮುಂದೆ ದಿವಾನರು ಮಾಡುತ್ತಿದ್ದ ಭಾಷಣಗಳಲ್ಲಿಯೂ ಆಯಾ ವರ್ಷದ ಕಟ್ಟಡಗಳ, ಕೆರೆಗಳ, ರಸ್ತೆಗಳ ವಿವರ ಬರುತ್ತದೆ. ಭಾಷಣದಲ್ಲಿ ವಾಸ್ತುಶಿಲ್ಪಿಯ ಹೆಸರು ಅಪರೂಪ. ಆದರೆ ಮಂಜೂರಾದ ವರ್ಷ ಸಿಕ್ಕಿಬಿಟ್ಟರೆ, ಆ ವರ್ಷದ ಇಲಾಖಾ ಕಡತವನ್ನು ಕೇಳಿ ಪಡೆಯಬಹುದು. ಕರ್ನಾಟಕ ರಾಜ್ಯ ಪತ್ರಾಗಾರದ ಮುಖ್ಯ ಕಚೇರಿ ವಿಧಾನಸೌಧದಲ್ಲಿಯೇ ಇದೆ. ಅಲ್ಲಿಗೆ ಹೋಗುವ ಮೊದಲು ಕಟ್ಟಡದ ಹೆಸರು, ಹಳೆಯ ಹೆಸರು, ಅಂದಾಜು ವರ್ಷ, ಸಂಬಂಧಪಟ್ಟ ಇಲಾಖೆ ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ‘ಹಳೆಯ ಕಟ್ಟಡಗಳ ಬಗ್ಗೆ ಏನಾದರೂ ಇದೆಯೇ’ ಎಂದು ಕೇಳುವವರಿಗೆ ಯಾವ ಗುಮಾಸ್ತರೂ ಸಹಾಯ ಮಾಡಲಾರರು. ‘1933ರ ಸುಮಾರಿನ ಪುರಸಭೆಯ ಕಡತ’ ಎಂದು ಕೇಳಿದರೆ ಸೂಚಿಯನ್ನು ತೆರೆಯುತ್ತಾರೆ.

1909ರಲ್ಲಿ ಸ್ಥಾಪನೆಯಾದ, ನೃಪತುಂಗ ರಸ್ತೆಯಲ್ಲಿರುವ ಮಿಥಿಕ್ ಸೊಸೈಟಿಯ ಗ್ರಂಥಾಲಯವೂ ಉಪಯುಕ್ತ. ಹಳೆಯ ಮೈಸೂರು ಗೆಜೆಟಿಯರ್ ಸಂಪುಟಗಳನ್ನು ಕಡೆಗಣಿಸಬೇಡಿ. ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಉದ್ಘಾಟನೆಯ ಮರುದಿನದ ವರದಿಯನ್ನು ನೋಡಿ. ಗುತ್ತಿಗೆದಾರರಿಗೆ ಶಾಲು ಹೊದಿಸಿದ ಒಂದು ಸಾಲು ಅಲ್ಲಿ ಸಿಗುವುದುಂಟು.

ದಿನಾಂಕಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಶಂಕುಸ್ಥಾಪನೆ, ಮುಕ್ತಾಯ, ಉದ್ಘಾಟನೆ ಈ ಮೂರರಲ್ಲಿ ಯಾವುದೆಂದು ಹೇಳದೆ ಬರೆದ ‘ಕಟ್ಟಿದ ವರ್ಷ’ ಉಪಯೋಗಕ್ಕೆ ಬಾರದು. ಪುಟ್ಟಣ್ಣ ಚೆಟ್ಟಿ ಪುರಭವನದ ಶಂಕುಸ್ಥಾಪನೆ 1933ರಲ್ಲಿ, ಉದ್ಘಾಟನೆ 1935ರಲ್ಲಿ. ಕಟ್ಟಡ ಹೊತ್ತಿರುವ ಹೆಸರು ಪುರಸಭೆಯ ಅಧ್ಯಕ್ಷರಾಗಿದ್ದವರದು. ಮುಂದಿನ ಎತ್ತರದ ಕಂಬಸಾಲಿನ ನಕ್ಷೆ ಮೈಸೂರು ಸರ್ಕಾರದ ವಾಸ್ತುಶಿಲ್ಪಿ ಲಕ್ಷ್ಮೀನರಸಪ್ಪನವರದು. ಅವರ ಹೆಸರಿನಲ್ಲಿ ಒಂದು ಅಡ್ಡರಸ್ತೆಯಾದರೂ ಇದ್ದಿದ್ದರೆ ಚೆನ್ನಾಗಿತ್ತು.

ಕಟ್ಟಡವನ್ನೇ ಓದುವುದು

ಹೆಸರು ಸಿಕ್ಕ ಮೇಲೆ ಕೆಲಸ ಮುಗಿಯಿತೆಂದು ತಿಳಿಯಬಾರದು. ವಾಸ್ತುಶಿಲ್ಪಿಯನ್ನು ನೆನೆಯುವುದೆಂದರೆ ಅವರು ತೆಗೆದುಕೊಂಡ ತೀರ್ಮಾನಗಳನ್ನು ಕಾಣುವುದು, ಮತ್ತು ಅದಕ್ಕೆ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಗೋಪುರವಿರುವ ಬೂದುಗಲ್ಲಿನ ಮುಖ್ಯ ಕಟ್ಟಡ ಮುಂಬಯಿಯ ಸಿ. ಎಫ್. ಸ್ಟೀವನ್ಸ್ ಅವರದು, ಅವರ ತಂದೆ ಎಫ್. ಡಬ್ಲ್ಯೂ. ಸ್ಟೀವನ್ಸ್ ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸನ್ನು ರೂಪಿಸಿದವರು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅದಕ್ಕೆ ಅಡಿಗಲ್ಲಿಟ್ಟರು. ದೂರದಿಂದಲೇ ಕಾಣಬೇಕು, ಗೌರವ ಹುಟ್ಟಿಸಬೇಕು ಎಂಬ ಉದ್ದೇಶ ಅದರ ಎತ್ತರದಲ್ಲಿಯೂ ಅದರ ಮುಂದಿನ ಖಾಲಿ ಜಾಗದಲ್ಲಿಯೂ ಸ್ಪಷ್ಟವಾಗಿದೆ.

ಅದೇ ಆವರಣದಲ್ಲಿ ಸ್ವಲ್ಪ ನಡೆದರೆ ಇನ್ನೊಂದು ಮನೋಧರ್ಮ ಎದುರಾಗುತ್ತದೆ. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಒಟ್ಟೊ ಕೋನಿಗ್ಸ್‌ಬರ್ಗರ್, ಯೆಹೂದಿಯೆಂಬ ಕಾರಣಕ್ಕೆ ನಾಜಿ ಆಡಳಿತದಲ್ಲಿ ಕೆಲಸ ಕಳೆದುಕೊಂಡು, ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ವಿಜ್ಞಾನ ಸಂಸ್ಥೆಯ ವಿಮಾನಶಾಸ್ತ್ರ ಮತ್ತು ಲೋಹಶಾಸ್ತ್ರ ವಿಭಾಗಗಳ ಕಟ್ಟಡಗಳು, ಊಟದ ಶಾಲೆ ಮತ್ತು ಸಭಾಂಗಣ, ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅವರ ಕೆಲಸಗಳಲ್ಲಿ ಕೆಲವು. ಮುಂದೆ ಭುವನೇಶ್ವರದ ನಗರ ಯೋಜನೆಯನ್ನು ರೂಪಿಸಿದವರೂ ಅವರೇ. ಇಲ್ಲಿ ಗೋಪುರವನ್ನು ಹುಡುಕಬೇಡಿ. ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿದೆ, ಕಿಟಕಿಯ ಮೇಲಿನ ಸಜ್ಜೆ ಎಷ್ಟು ಹೊರಚಾಚಿದೆ, ಮಧ್ಯಾಹ್ನದ ಬಿಸಿಲು ಒಳಗೆ ಎಲ್ಲಿಯವರೆಗೆ ಬರುತ್ತದೆ, ಒಂದು ಬದಿಯಿಂದ ಹೊಕ್ಕ ಗಾಳಿ ಎದುರು ಬದಿಯಿಂದ ಹೊರಗೆ ಹೋಗಲು ದಾರಿ ಇದೆಯೇ ಎಂಬುದನ್ನು ಗಮನಿಸಿ. ಒಂದು ಸಾಮಾನ್ಯ ದಿಕ್ಸೂಚಿಯೂ ಅಳತೆಯ ಟೇಪೂ ಸಾಕು. ಯಂತ್ರದ ತಂಪಿಲ್ಲದೆ ಸೆಖೆಯನ್ನು ಹೇಗೆ ತಡೆಯಬಹುದು ಎಂಬುದೇ ಆ ಪೀಳಿಗೆಯವರ ಮುಖ್ಯ ಪ್ರಶ್ನೆಯಾಗಿತ್ತು. ಅವರ ಉತ್ತರಗಳು ಕಾಣುವುದು ಮುಂಭಾಗದ ಫೋಟೊದಲ್ಲಲ್ಲ, ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಅಡ್ಡಕೊಯ್ತದ ರೇಖಾಚಿತ್ರದಲ್ಲಿ. ಕೈಯಿಂದಲೇ ಒರಟಾಗಿ ಬರೆದ ಒಂದು ಅಡ್ಡಕೊಯ್ತ ನಿಮ್ಮ ದಾಖಲೆಯಲ್ಲಿ ಇರಲಿ. (ಆವರಣದೊಳಗೆ ಹೋಗಲು ಮುಂಚಿತವಾಗಿ ಅನುಮತಿ ಪಡೆಯಬೇಕು, ಪ್ರಯೋಗಾಲಯಗಳ ಒಳಗೆ ಕ್ಯಾಮೆರಾ ಒಯ್ಯುವ ಆಸೆಯನ್ನು ಬಿಡುವುದು ಮೇಲು.)

ಇತ್ತೀಚಿನ ಕಟ್ಟಡಗಳಿಗೆ ಇನ್ನೊಂದು ಅನುಕೂಲವಿದೆ, ಅವನ್ನು ಕಟ್ಟಿದವರಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣವನ್ನು ಬಿ. ವಿ. ದೋಶಿ ರೂಪಿಸಿದರೆಂದು ಎಲ್ಲರೂ ಬರೆಯುತ್ತಾರೆ. 2018ರಲ್ಲಿ ಅವರಿಗೆ ವಾಸ್ತುಶಿಲ್ಪಕ್ಕೆ ಕೊಡುವ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದ ಮೇಲಂತೂ ಹೆಚ್ಚು. ಆದರೆ 1970ರ ದಶಕದಿಂದ ನಡೆದ ಅಂತಹ ಕೆಲಸಗಳಲ್ಲಿ ಬೂದು ಕಲ್ಲನ್ನು ಎಲ್ಲಿಂದ ತಂದರು, ಹೇಗೆ ಸೀಳಿದರು ಎಂಬುದನ್ನು ಹೇಳಬಲ್ಲವರು ನಿವೃತ್ತ ಮೇಸ್ತ್ರಿಗಳೂ ಡ್ರಾಫ್ಟ್ಸ್‌ಮನ್ನರೂ ಮಾತ್ರ. ಅವರ ಬಳಿ ಹೋದಾಗ ‘ನಿಮ್ಮ ನೆನಪುಗಳನ್ನು ಹೇಳಿ’ ಎನ್ನುವ ಬದಲು ಒಂದು ಹಳೆಯ ಫೋಟೊವನ್ನೋ ನಕ್ಷೆಯ ಪ್ರತಿಯನ್ನೋ ಮುಂದಿಟ್ಟು, ಈ ಕಮಾನಿಗೆ ಮರದ ಅಚ್ಚು ಯಾರು ಕಟ್ಟಿದರು, ಗಾರೆಗೆ ಏನು ಬೆರೆಸಿದಿರಿ ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ಧ್ವನಿಮುದ್ರಣಕ್ಕೆ ಒಪ್ಪಿಗೆ ಪಡೆದು, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದಿಡಿ.

ದಾಖಲೆಯ ರೂಪ ಮತ್ತು ಅದರ ಸ್ಥಾನ

ಪ್ರತಿ ಕಟ್ಟಡಕ್ಕೆ ಒಂದು ಪುಟ ಸಾಕು. ವಿಧಾನಸೌಧದ ಪುಟ ಹೀಗಿರಬಹುದು: ‘ಶಂಕುಸ್ಥಾಪನೆ 1951ರ ಜುಲೈ 13, ಪ್ರಧಾನಿ ಜವಾಹರಲಾಲ್ ನೆಹರೂ. ಆಗಿನ ಮುಖ್ಯಮಂತ್ರಿ ಕೆ. ಸಿ. ರೆಡ್ಡಿ, ಯೋಜನೆಯನ್ನು ಬದಲಿಸಿ ಈಗಿನ ಭವ್ಯ ರೂಪಕ್ಕೆ ಒತ್ತಾಯಿಸಿದವರು ಮುಂದಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ. ಮುಖ್ಯ ವಾಸ್ತುಶಿಲ್ಪಿ ಬಿ. ಆರ್. ಮಾಣಿಕ್ಯಂ. ಮುಕ್ತಾಯ 1956. ಉದ್ದ ಸುಮಾರು 700 ಅಡಿ, ಅಗಲ 350 ಅಡಿ. ಕಲ್ಲು ಗ್ರಾನೈಟ್.’ ಒಂದೊಂದು ಹೇಳಿಕೆಯ ಎದುರಿಗೂ ಅದು ಎಲ್ಲಿ ಸಿಕ್ಕಿತು, ಕಲ್ಲಿನಲ್ಲೋ ಕಡತದಲ್ಲೋ ಪತ್ರಿಕೆಯಲ್ಲೋ ಬಾಯಿಮಾತಿನಲ್ಲೋ ಎಂಬುದನ್ನು ಕಡ್ಡಾಯವಾಗಿ ಬರೆಯಿರಿ. ಬಾಯಿಮಾತು ಕೀಳಲ್ಲ, ಆದರೆ ಅದು ಬಾಯಿಮಾತೆಂದು ಓದುವವರಿಗೆ ಗೊತ್ತಾಗಬೇಕು. ಹನುಮಂತಯ್ಯನವರ ಪ್ರತಿಮೆ ಆವರಣದಲ್ಲಿಯೇ ಇರುವುದರಿಂದ ಕಟ್ಟಿಸಿದವರು ಜನರ ನೆನಪಿನಲ್ಲಿದ್ದಾರೆ. ನಿಮ್ಮ ಪುಟದಲ್ಲಿ ಮಾಣಿಕ್ಯಂ ಅವರಿಗೂ ಅಷ್ಟೇ ಜಾಗ ಸಿಗಲಿ.

ಈ ಪುಟ ನಿಮ್ಮ ಕಂಪ್ಯೂಟರಿನಲ್ಲಿ ಉಳಿದರೆ ಪ್ರಯೋಜನವಿಲ್ಲ. ಕನ್ನಡ ವಿಕಿಪೀಡಿಯದಲ್ಲಿ ಆ ಕಟ್ಟಡದ ಲೇಖನವಿದ್ದರೆ ಆಧಾರ ಸಮೇತ ಸೇರಿಸಿ, ಇಲ್ಲದಿದ್ದರೆ ಹೊಸದಾಗಿ ಬರೆಯಿರಿ; ವಿಕಿಡೇಟಾದಲ್ಲಿಯೂ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿಯೂ ಕಟ್ಟಡಕ್ಕೆ ವಾಸ್ತುಶಿಲ್ಪಿಯ ಹೆಸರನ್ನು ನಮೂದಿಸಲು ಪ್ರತ್ಯೇಕ ಜಾಗವೇ ಇದೆ, ಅದನ್ನು ತುಂಬಲು ಐದು ನಿಮಿಷ ಬೇಡ. ಕಟ್ಟಡದ ಫೋಟೊ ತೆಗೆದು ಪ್ರಕಟಿಸಲು ಭಾರತದ ಕೃತಿಸ್ವಾಮ್ಯ ಕಾನೂನು ಅಡ್ಡಿ ಮಾಡುವುದಿಲ್ಲ. ಇನ್ನೊಬ್ಬರು ತೆಗೆದ ಹಳೆಯ ಫೋಟೊಗಳನ್ನು ಬಳಸುವಾಗ ಮಾತ್ರ, ಅದು ಪ್ರಕಟವಾಗಿ ಅರವತ್ತು ವರ್ಷ ಕಳೆದಿದೆಯೇ ಎಂದು ನೋಡಿಕೊಳ್ಳಬೇಕು.

ಯಾವ ಕಟ್ಟಡವನ್ನು ಮೊದಲು ದಾಖಲಿಸಬೇಕು ಎಂಬ ಪ್ರಶ್ನೆಗೆ, ಹೆಸರುವಾಸಿಯಾದದ್ದನ್ನು ಕೊನೆಗೆ ಇಟ್ಟುಕೊಳ್ಳಿ ಎಂಬುದು ನನ್ನ ಉತ್ತರ. ಅಠಾರಾ ಕಚೇರಿಯನ್ನೇ 1980ರ ದಶಕದ ಆರಂಭದಲ್ಲಿ ಕೆಡವುವ ಪ್ರಸ್ತಾಪ ಬಂದು, ನಾಗರಿಕರು ನ್ಯಾಯಾಲಯದ ಮೊರೆಹೊಕ್ಕು ಉಳಿಸಿಕೊಂಡರು. ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ ಚಿತ್ರಮಂದಿರಕ್ಕೆ ಆ ಭಾಗ್ಯ ಇರಲಿಲ್ಲ, ಅದು ಮೆಟ್ರೊ ಕಾಮಗಾರಿಗೆ ಹೋಯಿತು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯೇ ಆಯಿತು. ಬಸವನಗುಡಿ, ಮಲ್ಲೇಶ್ವರ, ರಿಚ್ಮಂಡ್ ಟೌನುಗಳಲ್ಲಿ ಕಿಟಕಿಯ ಮೇಲೆ ಮಂಕಿ ಟಾಪ್ ಎಂಬ ಚೂಪಾದ ಮರದ ಮುಚ್ಚಿಗೆ ಇರುವ, ಮರದ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿಯ ಖಾಸಗಿ ಮನೆಗಳಿಗೆ ಕಾಯ್ದೆಯ ರಕ್ಷಣೆ ಬಹುಮಟ್ಟಿಗೆ ಇಲ್ಲ, ಮತ್ತು ಅವುಗಳ ಮೇಸ್ತ್ರಿಗಳ ಹೆಸರು ಇದ್ದರೆ ಮನೆಯವರ ಹಳೆಯ ಲೆಕ್ಕದ ಪುಸ್ತಕದಲ್ಲಿಯೇ ಇರಬೇಕು. ಮನೆ ಮಾರಾಟಕ್ಕಿದೆ ಎಂಬ ಫಲಕ ಕಂಡರೆ, ಮನೆಯವರ ಅನುಮತಿ ಕೇಳಿ ಆ ವಾರವೇ ಅಳತೆ, ಫೋಟೊ ಮತ್ತು ಹೆಸರುಗಳನ್ನು ತೆಗೆದುಕೊಳ್ಳಿ. ಪತ್ರಾಗಾರದ ಕೆಲಸ ಮುಂದಿನ ತಿಂಗಳಿಗೆ ಕಾಯಬಲ್ಲದು.